ದನದ ಹಾದಿ, ಮೇಕೆ ಹಾದಿ

ಭಾನುವಾರ ಬೆಳಿಗ್ಗೆ ವಾಜರಹಳ್ಳಿ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದು ತುರಹಳ್ಳಿ ಕಾಡಿನ ಕಡೆ ನಡೆಯುವುದು ಮೊದಮೊದಲು ನನಗೆ ಡಾಕ್ಟರು ಹೇಳಿದ ವ್ಯಾಯಾಮವಷ್ಟೇ ಆಗಿತ್ತು. ಕಾಡು ಅನ್ನುವುದು ಸ್ವಲ್ಪ ದೊಡ್ಡ ಮಾತು. ನೀಲಗಿರಿ ಮರ, ಉಣ್ಣಿಪೊದೆ, ನಡುನಡುವೆ ಗುಂಡುಬಂಡೆ. ಸೈಕಲ್ಲಿನವರು, ಬೆನ್ನಿಗೆ ಹಾಸಿಗೆಯಂಥ ಮ್ಯಾಟು ಕಟ್ಟಿಕೊಂಡು ಬಂಡೆ ಹತ್ತಲು ಬರುವ ಹುಡುಗರು, ಫೋನಿನಲ್ಲಿ ಆಫೀಸಿನ ಜಗಳ ಆಡುತ್ತಲೇ ವಾಕ್ ಮಾಡುವವರು, ಎಲ್ಲರಿಗೂ ಒಂದೇ ದಾರಿ. ಒಂದು ದಿನ ಆ ಫೋನಿನವರಿಂದ ತಪ್ಪಿಸಿಕೊಳ್ಳಲೆಂದೇ ಪಕ್ಕದ ಸಣ್ಣ ಜಾಡಿಗೆ ಇಳಿದೆ. ನೂರು ಹೆಜ್ಜೆ ಆಗುವಷ್ಟರಲ್ಲಿ ಜಾಡು ಉಣ್ಣಿಪೊದೆಯೊಳಗೆ ಸುರಂಗದ ಹಾಗೆ ನುಗ್ಗಿತು. ಎತ್ತರ ನನ್ನ ಸೊಂಟದವರೆಗೆ. ನೆಲದ ತುಂಬ ಹಿಕ್ಕೆ.

ದಾರಿ ಬಿಟ್ಟೆ ಅಂದುಕೊಂಡಿದ್ದವನು ಮೇಕೆಗಳ ದಾರಿಯಲ್ಲಿದ್ದೆ. ಆಮೇಲೆ ಎಲ್ಲಿ ಹೋದರೂ ಮೊದಲು ನೋಡುವುದು, ಇದು ಯಾರು ಮಾಡಿದ ಹಾದಿ ಅಂತ. ಮೇಕೆ ಹಾದಿಯನ್ನು ನಂಬಿದರೆ ಕೆಟ್ಟಿರಿ. ಎಲೆ ಎಲ್ಲಿದೆಯೋ ಅಲ್ಲಿಗೆ ಹೋಗಿ, ಅಲ್ಲೇ ಮುಗಿದುಹೋಗುತ್ತದೆ. ದನ ಹಾಗಲ್ಲ. ಭಾರದ ಮೈ, ಏರನ್ನು ನೆಟ್ಟಗೆ ಹತ್ತುವುದಿಲ್ಲ, ಓರೆಯಾಗಿ ಸುತ್ತಿಕೊಂಡು ಹೋಗುತ್ತದೆ. ಮೇವಿಗೆ, ನೀರಿಗೆ, ಸಂಜೆ ಮನೆಗೆ. ಕವಲುಗಳು ಬಂದು ಕೂಡಿಕೊಳ್ಳುತ್ತ ಹಾದಿ ಅಗಲವಾಗುತ್ತಿದ್ದರೆ ಊರೋ ಕೆರೆಯೋ ಹತ್ತಿರ ಬರುತ್ತಿದೆ ಅಂತ ಲೆಕ್ಕ. ಒಡೆದೊಡೆದು ಸಣ್ಣದಾಗುತ್ತಿದ್ದರೆ ಮೇವಿನ ಕಡೆ. ಮೊಬೈಲಿನ ಮ್ಯಾಪು ಕೈಕೊಟ್ಟಾಗ ಈ ಲೆಕ್ಕ ನನ್ನನ್ನು ಎಷ್ಟೋ ಸಲ ಟಾರ್ ರಸ್ತೆಗೆ ತಂದು ಬಿಟ್ಟಿದೆ.

ಆದರೆ ಬರೀ ಬಂಡೆಯ ಮೇಲೆ ಈ ವಿದ್ಯೆ ನಡೆಯುವುದಿಲ್ಲ. ಅದು ಗೊತ್ತಾಗಿದ್ದು ಸಾವನದುರ್ಗದಲ್ಲಿ. ಮಾಗಡಿ ತಾಲ್ಲೂಕಿನ ಈ ಏಕಶಿಲೆಯ ಬೆಟ್ಟ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ. ಹತ್ತುವ ದಾರಿ ಅಂದರೆ ಬಂಡೆಯ ಮೇಲೆ ಬಳಿದ ಬಾಣದ ಗುರುತುಗಳು, ಅಷ್ಟೇ. ಜೊತೆಗೆ ಭಾವಮೈದ ಇದ್ದ. ನಂದಿ ಮಂಟಪ ನೋಡಿ ಇಳಿಯುವಾಗ ಎಡಗಡೆ ಕೆಳಗೆ ಒಂದು ಹಿಡಿ ಹಸಿರು ಕಂಡಿತು. ದೊಣೆ ಇರಬೇಕು ಅಂತ ಬಾಣ ಬಿಟ್ಟು ತಿರುಗಿದೆವು. ದೊಣೆಯೇ. ಒಂದು ಬಾನಿಯಷ್ಟು ನೀರು, ಅದರ ತುಂಬ ಗೊದಮೊಟ್ಟೆ, ಅಂಚಿಗೆ ಹುಲ್ಲು. ಪಕ್ಕದಲ್ಲಿ ಕೂತು ಡಬ್ಬಿಯ ಚಿತ್ರಾನ್ನ ತಿಂದೆವು. ಅಲ್ಲಿಂದ ವಾಪಸು ಹತ್ತುವ ಬದಲು ಹೀಗೇ ಇಳಿದುಬಿಡೋಣ ಅಂದವನು ನಾನೇ.

ಈ ಥರದ ಬೆಟ್ಟ ಬೋರಲು ಹಾಕಿದ ಬಾಣಲೆ ಇದ್ದ ಹಾಗೆ. ಮೇಲಿಂದ ಹೊರಟರೆ ಸಲೀಸು. ಹತ್ತು ಹೆಜ್ಜೆಗೆ ಒಂದು ಚೂರು ಇಳಿಜಾರು ಹೆಚ್ಚಾದದ್ದು ಕಾಲಿಗೆ ತಿಳಿಯುವುದೇ ಇಲ್ಲ, ಅಂಚಿನಾಚೆ ಏನಿದೆಯೆಂದು ಕಣ್ಣಿಗೂ ಕಾಣುವುದಿಲ್ಲ. ಕಾಣಿಸಿದ್ದು ಮರಗಳ ನೆತ್ತಿ, ಅದೂ ನನ್ನ ಬೂಟಿನ ತುದಿಯ ನೇರ ಕೆಳಗೆ. ಮಳೆನೀರು ಹರಿದ ಕಡೆ ಬಂಡೆಯ ಮೇಲೆ ಕಪ್ಪು ಪಟ್ಟೆ ಇರುತ್ತದಲ್ಲ, ಎಡಗಾಲು ಅದರ ಮೇಲೆ ಹೋಯಿತು. ಪಾಚಿ. ಒಂದು ಮಾರು ಜಾರಿ, ಮೊಣಕೈ ಊರಿ ನಿಂತೆ. "ಭಾವ, ನಂಗೆ ಕಾಲು ನಡುಗ್ತಾ ಇದೆ" ಅಂದ. ನನಗೂ ನಡುಗುತ್ತಿತ್ತು. ಹೇಳಲಿಲ್ಲ.

ಅಷ್ಟರಲ್ಲಿ ಬಾಣದ ದಾರಿ ಕಡೆಯಿಂದ ಕೂಗು ಬಂತು. ಬೆಳಿಗ್ಗೆ ಸೌತೆಕಾಯಿ ಕೊಂಡಿದ್ದೆವಲ್ಲ, ಅದೇ ಯಜಮಾನರು. "ಕೆಳೀಕೆ ದಾರಿ ಇಲ್ಲ ಸ್ವಾಮೀ! ಬೂಟ್ ಬಿಚ್ಚಿ, ಬಂದಂಗೇ ಮ್ಯಾಕೆ ಹತ್ತಿ!" ಬೂಟು ಬಿಚ್ಚಿ, ಲೇಸು ಗಂಟು ಹಾಕಿ ಕೊರಳಿಗೆ ಇಳಿಬಿಟ್ಟು, ನಾಲ್ಕು ಕಾಲಲ್ಲಿ ಹತ್ತಿದೆವು. ನಡುಮಧ್ಯಾಹ್ನದ ಬಂಡೆ ಅಂಗಾಲು ಸುಟ್ಟಿತು, ಆದರೆ ಹಿಡಿತ ಕೊಟ್ಟಿತು. ಮೇಲೆ ಬಂದ ಮೇಲೆ ಅವರು ಬೈಯಲಿಲ್ಲ, ಮಜ್ಜಿಗೆ ಕೊಟ್ಟರು. "ಕ್ವಾಟೆ ಗ್ವಾಡೆ ಎಲ್ಲೆಲ್ಲಿ ಕಟ್ಟವ್ರೆ ನೋಡ್ಕಳಿ. ಜನ ಹತ್ತೋ ಕಡೀಕೆ ಕಟ್ಟವ್ರೆ. ಇಲ್ದಿದ್ ಕಡೆ ಬಂಡೇನೇ ಗ್ವಾಡೆ." 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಈ ದುರ್ಗವನ್ನು ಕಿತ್ತುಕೊಂಡಾಗಲೂ ತೋಪು ಹಾರಿಸಿ ಒಡೆದದ್ದು ಗೋಡೆಯನ್ನೇ. ನಾನು ಮಾತ್ರ ಗೋಡೆ ಇಲ್ಲದ ಕಡೆಯಿಂದ ಇಳಿಯಲು ಹೊರಟಿದ್ದೆ!

ಅಲ್ಲಿಂದಾಚೆಗೆ, ಹತ್ತಿ ಬರದ ಬಂಡೆಯನ್ನು ಇಳಿಯುವುದಿಲ್ಲ. ಆಗಾಗ ತಿರುಗಿ ನಿಂತು ಹಿಂದಕ್ಕೆ ನೋಡುತ್ತೇನೆ, ಯಾಕೆಂದರೆ ವಾಪಸು ಬರುವಾಗ ಅದೇ ಜಾಗ ಬೇರೆ ಮುಖ ಹಾಕಿಕೊಂಡಿರುತ್ತದೆ. ಗ್ರಾನೈಟು ಈರುಳ್ಳಿಯ ಹಾಗೆ ಪದರು ಪದರಾಗಿ ಏಳುವ ಕಲ್ಲು. ಹಿಮ್ಮಡಿಯಿಂದ ತಟ್ಟಿದಾಗ ಡಬ್ ಅಂದರೆ ಕೆಳಗೆ ಟೊಳ್ಳು, ಅಲ್ಲಿ ನಿಲ್ಲುವುದಿಲ್ಲ. ಬಂಡೆಯ ಸೂರಿನಲ್ಲಿ ಹೆಜ್ಜೇನಿನ ಹುಟ್ಟು ತೂಗುತ್ತಿದ್ದರೆ ಮಾತೂ ಆಡದೆ ವಾಪಸು. ಮಾಕಳಿದುರ್ಗ, ಸ್ಕಂದಗಿರಿಯಂಥ ಕಡೆ ಟಿಕೆಟ್ ಮಾಡಿಸಿ ಗುರುತು ಮಾಡಿದ ದಾರಿಯಲ್ಲೇ ಹೋಗುತ್ತೇನೆ. ಬನ್ನೇರುಘಟ್ಟದ ಕಾಡಂತೂ ಆನೆಗಳದ್ದು, ಅಲ್ಲಿ ನನ್ನ ಅಲೆದಾಟಕ್ಕೆ ಕೆಲಸವಿಲ್ಲ.

ಅಲೆಯಬೇಕು ಅನ್ನಿಸಿದರೆ ಈಗ ಗೋಮಾಳಗಳಿಗೆ ಹೋಗುತ್ತೇನೆ. ಬೆಂಗಳೂರಿನ ಸುತ್ತ ಇನ್ನೂ ಅಲ್ಲಲ್ಲಿ ಉಳಿದಿವೆ. ತಂಗಡಿ ಹೂವು, ಬಾದೆಹುಲ್ಲು, ಕೈ ತರಚಿಸಿಕೊಂಡರೆ ನಾಲ್ಕು ಕಾರೆಹಣ್ಣು. ಹೋದ ಕಾರ್ತಿಕದಲ್ಲಿ ಹಾರೋಹಳ್ಳಿ ಕಡೆ ಅಂಥದೊಂದರಲ್ಲಿ ಹೊತ್ತು ಮುಳುಗುವ ತನಕ ತಿರುಗಿ, ಮನೆಗೆ ಹೊರಟಿದ್ದ ಐದಾರು ದನಗಳ ಹಿಂದೆ ಬಿದ್ದೆ. ಪಕ್ಕದ ಹೊಲ ಲೇಔಟಾಗಿ, ಮೂವತ್ತು-ನಲವತ್ತರ ಸೈಟುಗಳಿಗೆ ಬಿಳಿ ಕಲ್ಲು ನೆಟ್ಟಿದ್ದರು. ದನಗಳು ಆ ಸೈಟುಗಳನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಸೀಳಿಕೊಂಡು, ತಮ್ಮ ಹಳೇ ಹಾದಿಯಲ್ಲೇ ನಡೆದವು. ಒಂದು ಕಲ್ಲಿಗೆ ಕೆಂದ ಹಸುವೊಂದು ನಿಂತು ಕತ್ತು ಉಜ್ಜಿಕೊಂಡಿತು. ನಾನೂ ನಿಂತೆ.

ಊರು ಸಿಕ್ಕಿತು. ಒಂದೊಂದೇ ದನ ತನ್ನ ತನ್ನ ಸಂದಿಗೆ ತಿರುಗಿಕೊಂಡಿತು. ಕೊನೆಗೆ ಉಳಿದದ್ದು ಕೆಂದ ಹಸು, ಅದರ ಹಿಂದೆ ನಾನು. ಅದು ಒಂದು ಹಿತ್ತಿಲಿನೊಳಗೆ ನುಗ್ಗಿತು. ಅಜ್ಜಿಯೊಬ್ಬರು ಕಲಗಚ್ಚಿನ ಬಕೆಟ್ ಇಟ್ಟು ತಲೆಯೆತ್ತಿ ನೋಡಿದರು.

"ಯಾರಪ್ಪಾ, ಯಾರ್ ಬೇಕಿತ್ತು?"

"ಬಸ್‌ಸ್ಟಾಪ್ ಎಲ್ಲಜ್ಜಿ?"

"ಅಯ್ಯೋ, ಅದು ಮುಂದ್ಲ ಬಾಗ್ಲ್ ಕಡೆ" ಅಂದು, ಮನೆಯೊಳಗಿಂದಲೇ ನನ್ನನ್ನು ಆಚೆ ಕಡೆಗೆ ದಾಟಿಸಿದರು.