ಹಿಮದಲ್ಲಿ ಸಣ್ಣ ಟ್ರ್ಯಾಕ್ಟರ್ ಜಾರದಿರಲು: ತೂಕ, ಟೈರು, ಸರಪಳಿ

ಅಮೆರಿಕದ ಮಿನೆಸೋಟ, ಮಿಷಿಗನ್, ಕೆನಡಾದ ಒಂಟಾರಿಯೊ ಕಡೆ ಊರಾಚೆ ಒಂದೆರಡು ಎಕರೆ ಜಾಗದ ಮನೆ ಕೊಂಡವರಿಗೆ ಉದ್ದನೆಯ ಡ್ರೈವ್‌ವೇ ಜೊತೆಗೇ ಬರುತ್ತದೆ. ಅದರ ಹಿಂದೆಯೇ 20-25 ಎಚ್‌ಪಿಯ, ಮುಂದೆ ಬಕೆಟ್ ಎತ್ತುವ ತೋಳು (ಲೋಡರ್) ಇರುವ ಸಣ್ಣ ಟ್ರ್ಯಾಕ್ಟರ್ ಕೂಡ ಬರುತ್ತದೆ. ಹಿಮದಲ್ಲಿ ಇಂಥ ಟ್ರ್ಯಾಕ್ಟರ್ ಎಂಜಿನ್ ಶಕ್ತಿ ಸಾಲದೆ ನಿಲ್ಲುವುದು ಅಪರೂಪ. ಚಕ್ರ ತಿರುಗಿದಲ್ಲೇ ತಿರುಗಿ ನಿಲ್ಲುವುದೇ ಹೆಚ್ಚು. ಆಗ ಎಲ್ಲರೂ ಹೇಳುವ ಮದ್ದು ‘ತೂಕ ಹಾಕಿ’ ಎಂಬುದು. ಅದು ಅರ್ಧ ಮಾತ್ರ ಸರಿ. ತೂಕದಿಂದ ಹಿಮ ತಳ್ಳುವ ಬಲ ಬರುತ್ತದೆ. ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಹಿಡಿದು ನಿಲ್ಲಿಸುವುದು ಟೈರು ಮತ್ತು ಸರಪಳಿ.

ಸ್ವಲ್ಪ ಲೆಕ್ಕ ನೋಡೋಣ. ಲೋಡರ್, ಚಾಲಕ ಸೇರಿ ಟ್ರ್ಯಾಕ್ಟರ್ 800 ಕಿಲೊ ಇದೆ, ತೂಕ ಹಿಂದೆ ಮುಂದೆ ಸಮವಾಗಿದೆ ಎಂದುಕೊಳ್ಳಿ. ತುಳಿದು ಗಟ್ಟಿಯಾದ ಹಿಮದಲ್ಲಿ ರಬ್ಬರಿನ ಹಿಡಿತ ತೂಕದ ಸುಮಾರು ಐದನೇ ಒಂದು ಪಾಲು. ಬರಿಯ ಮಂಜುಗಡ್ಡೆಯ ಮೇಲೆ ಹತ್ತನೇ ಒಂದು ಪಾಲು ಸಿಕ್ಕರೆ ಹೆಚ್ಚು. ನಾಲ್ಕೂ ಚಕ್ರ ಎಳೆದರೆ 160 ಕಿಲೊ ಬಲ ಸಿಗುತ್ತದೆ. ನೂರು ಅಡಿಗೆ ಹತ್ತು ಅಡಿ ಏರುವ ದಾರಿಯಲ್ಲಿ ಟ್ರ್ಯಾಕ್ಟರ್ ತನ್ನನ್ನೇ ಮೇಲಕ್ಕೊಯ್ಯಲು 80 ಕಿಲೊ ಖರ್ಚು. ಹಿಮ ತಳ್ಳಲು ಉಳಿಯುವುದು 80. ಇದಕ್ಕೆ 200 ಕಿಲೊ ತೂಕ ಸೇರಿಸಿದರೆ ಬಲ 200 ಆಗುತ್ತದೆ, ಏರಿನ ಖರ್ಚೂ 100 ಆಗುತ್ತದೆ, ಉಳಿಯುವುದು 100. ಲಾಭ 20 ಕಿಲೊ, ಅಷ್ಟೆ. ಅದೇ ಏರು ನೂರಕ್ಕೆ ಇಪ್ಪತ್ತಾದರೆ ಎಷ್ಟೇ ತೂಕ ಹೇರಿದರೂ ಉಳಿಯುವುದು ಸೊನ್ನೆ. ಒಳ್ಳೆಯ ಸರಪಳಿ ಹಾಕಿ ಹಿಡಿತ ಇಮ್ಮಡಿಯಾದರೆ ಮೊದಲಿನ ಆ 80 ಕಿಲೊ 240 ಆಗುತ್ತದೆ.

ಟೂ-ವೀಲ್ ಡ್ರೈವ್‌ನಲ್ಲಿ ಮಾತ್ರ ತೂಕದ ಕಥೆ ಬೇರೆ. ಹಿಂದಿನ ಚಕ್ರಗಳ ಮೇಲಿರುವ 400 ಕಿಲೊ ಮಾತ್ರ ಕೆಲಸಕ್ಕೆ ಬರುವುದರಿಂದ, ಹತ್ತರ ಏರಿನಲ್ಲಿ ಅದು ತನ್ನನ್ನು ಎಳೆದುಕೊಳ್ಳುವಷ್ಟರಲ್ಲೇ ಮುಗಿಯುತ್ತದೆ. ಅಲ್ಲಿ ಹಿಂದೆ ತೂಕ ಹಾಕದೆ ಗತಿಯಿಲ್ಲ.

ತೂಕ ಎಲ್ಲಿಡಬೇಕು

ತ್ರೀ-ಪಾಯಿಂಟ್ ಲಿಂಕೇಜಿಗೆ, ಅಂದರೆ ಟ್ರ್ಯಾಕ್ಟರಿನ ಹಿಂದೆ ಉಪಕರಣ ಕಟ್ಟುವ ಮೂರು ತೋಳುಗಳಿಗೆ, ತೂಗುಹಾಕುವ ತೂಕದ ಪೆಟ್ಟಿಗೆಯೇ ಎಲ್ಲಕ್ಕಿಂತ ಒಳ್ಳೆಯದು. ಅದು ಹಿಂದಿನ ಆಕ್ಸಲಿಗಿಂತ ಆಚೆ ಇರುವುದರಿಂದ ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ 150 ಸೆಂಟಿಮೀಟರ್ ಇದ್ದು, 200 ಕಿಲೊ ಪೆಟ್ಟಿಗೆ ಆಕ್ಸಲಿನಿಂದ 75 ಸೆಂಟಿಮೀಟರ್ ಹಿಂದಿದ್ದರೆ, ಹಿಂದಿನ ಚಕ್ರಗಳ ಮೇಲೆ ಬೀಳುವುದು 300 ಕಿಲೊ. ಮುಂದಿನ ಆಕ್ಸಲ್ ಮೇಲೆ 100 ಕಿಲೊ ಹಗುರಾಗುತ್ತದೆ. ಬಕೆಟ್ ತುಂಬಾ ಒದ್ದೆ ಹಿಮ ಎತ್ತುವಾಗ ಇದು ಬಲು ಮುಖ್ಯ, ಇಲ್ಲದಿದ್ದರೆ ಹಿಂಭಾಗ ನೆಲ ಬಿಡುತ್ತದೆ. ಬಕೆಟ್ ಖಾಲಿಯಿದ್ದಾಗ ಸ್ಟೀರಿಂಗ್ ತಿರುಗಿಸಿದರೂ ಮೂತಿ ನೆಟ್ಟಗೆ ಹೋಗುತ್ತಿದ್ದರೆ ಹಿಂದಿನ ತೂಕ ಅತಿಯಾಗಿದೆ ಎಂದು ತಿಳಿಯಿರಿ. ಹಿಂದೆ ಹಿಮ ಎಸೆಯುವ ಸ್ನೋ ಬ್ಲೋವರ್ ಕಟ್ಟಿದ್ದರೆ ಪೆಟ್ಟಿಗೆ ಬೇಡ, ಅದೇ ತೂಕ.

ಎರಡನೆಯದು ಟೈರಿನೊಳಗೆ ದ್ರವ ತುಂಬುವುದು. ನಮ್ಮ ಕಡೆ ಹಿಂದಿನ ಟೈರಿಗೆ ನೀರು ತುಂಬಿಸುವುದು ಮಾಮೂಲು. ಇಲ್ಲಿ ಬರಿ ನೀರು ತುಂಬಲೇಬೇಡಿ, ಒಳಗೇ ಗಟ್ಟಿಯಾಗಿ ಚಕ್ರ ಎತ್ತಿಹಾಕಿದಂತೆ ಓಡುತ್ತದೆ, ಟೈರೂ ಹಾಳು. ಬೀಟ್‌ರೂಟ್ ಸಕ್ಕರೆಯ ಉಳಿಕೆಯಿಂದ ಮಾಡಿದ ದ್ರವ ಲೀಟರಿಗೆ ಸುಮಾರು 1.28 ಕಿಲೊ ತೂಗುತ್ತದೆ, ರಿಮ್ ತುಕ್ಕು ಹಿಡಿಸುವುದಿಲ್ಲ, ದುಬಾರಿ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಅಷ್ಟೇ ಭಾರ, ಅಗ್ಗ, ಆದರೆ ರಿಮ್ ತಿನ್ನುತ್ತದೆ. ಅದಕ್ಕೆ ಟ್ಯೂಬ್ ಇರಲೇಬೇಕು. ಕಾರಿನ ಗಾಜು ತೊಳೆಯುವ ದ್ರವ ಅಗ್ಗವಾದರೂ ನೀರಿಗಿಂತ ತುಸು ಹಗುರ, ಅದರಲ್ಲಿರುವ ಮೆಥನಾಲ್ ವಿಷ. ಆಂಟಿಫ್ರೀಜ್ ಹಾಕುವುದಾದರೆ ಪ್ರೊಪಿಲೀನ್ ಗ್ಲೈಕಾಲ್ ಇರಲಿ. ಎಥಿಲೀನ್ ಗ್ಲೈಕಾಲ್ ಸೋರಿದರೆ ನೆಕ್ಕಿದ ನಾಯಿ ಉಳಿಯುವುದಿಲ್ಲ.

ತುಂಬುವಾಗ ಚಕ್ರವನ್ನು ಜಾಕ್ ಮೇಲೆ ಎತ್ತಿ, ವಾಲ್ವ್ ಮೇಲ್ತುದಿಗೆ ಬರುವಂತೆ ತಿರುಗಿಸಿ, ದ್ರವ ವಾಲ್ವ್ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಿ. ಆಗ ಟೈರು ಸುಮಾರು ಮುಕ್ಕಾಲು ತುಂಬಿರುತ್ತದೆ. ಉಳಿದ ಕಾಲು ಭಾಗ ಗಾಳಿಗೆ. ಪೂರ್ತಿ ತುಂಬಿದರೆ ಟೈರು ಕಲ್ಲಿನಂತಾಗಿ ನೆಲಕ್ಕೆ ಅಗಲವಾಗಿ ಕೂರುವುದಿಲ್ಲ. ಮುಂದಿನ ಟೈರುಗಳನ್ನು ಹಾಗೇ ಬಿಡಿ.

ಗಾಳಿಯ ಒತ್ತಡ ನೋಡುವಾಗಲೂ ವಾಲ್ವ್ ಮೇಲಿರಲಿ, ಇಲ್ಲದಿದ್ದರೆ ಗೇಜ್‌ಗೆ ದ್ರವ ನುಗ್ಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಬಿಸಿಯ ಗ್ಯಾರೇಜಿನಲ್ಲಿ 20 ಪಿಎಸ್‌ಐ ಇದ್ದ ಟೈರು ಮೈನಸ್ 20ರಲ್ಲಿ 15ರ ಆಸುಪಾಸಿಗೆ ಇಳಿಯುತ್ತದೆ. ಹೊರಗೆ ನಿಲ್ಲಿಸಿ, ತಣ್ಣಗಾದ ಮೇಲೆ ಅಳೆಯಿರಿ. ಹಿಡಿತ ಹೆಚ್ಚಲೆಂದು ಬೇಕೆಂದೇ ಗಾಳಿ ಇಳಿಸಿದರೆ ಟ್ಯೂಬ್‌ಲೆಸ್ ಟೈರಿನ ಅಂಚು ರಿಮ್ಮಿನಿಂದ ಕಳಚುತ್ತದೆ. ತಯಾರಕರು ಹೇಳಿದ ಕನಿಷ್ಠಕ್ಕಿಂತ ಕೆಳಗೆ ಹೋಗಬೇಡಿ.

ಟೈರು

ಈ ಟ್ರ್ಯಾಕ್ಟರುಗಳೊಂದಿಗೆ ಸಾಮಾನ್ಯವಾಗಿ ಬರುವುದು ಆರ್-4 ಎಂಬ ಇಂಡಸ್ಟ್ರಿಯಲ್ ಟೈರು. ಬೇಸಿಗೆಯಲ್ಲಿ ಗಟ್ಟಿಮುಟ್ಟು, ಹಿಮದಲ್ಲಿ ತೀರಾ ಸಾಧಾರಣ. ಅದರ ಉಬ್ಬುಪಟ್ಟಿಗಳು ಅಗಲ, ನುಣುಪು, ರಬ್ಬರೂ ಗಡುಸು, ಹಾಗಾಗಿ ಗಟ್ಟಿ ಹಿಮವನ್ನು ಕಚ್ಚಲು ಚೂಪಾದ ಅಂಚುಗಳೇ ಸಾಲವು. ಹೊಲದ ಆರ್-1 ಟೈರಿನ ಎತ್ತರದ ಪಟ್ಟಿಗಳು ಆಳವಾದ, ಮೃದು ಹಿಮವನ್ನು ಅಗೆದು ನೆಲ ಹುಡುಕುತ್ತವೆ, ತಿರುಗುವಾಗ ಹಿಮವನ್ನು ತಾವೇ ಉದುರಿಸಿಕೊಳ್ಳುತ್ತವೆ. ಮಂಜುಗಡ್ಡೆಯ ಮೇಲೆ ನೆಲಕ್ಕೆ ತಾಗುವ ಜಾಗವೇ ಕಡಿಮೆಯಾಗಿ ಜಾರುತ್ತವೆ. ಹುಲ್ಲುಹಾಸಿಗೆಂದು ಮಾಡಿದ ಆರ್-3 ಟೈರನ್ನು ಜನ ಕಡೆಗಣಿಸುತ್ತಾರೆ. ಸಣ್ಣ ಸಣ್ಣ ಬಿಲ್ಲೆಗಳಿಂದಾಗಿ ಅದಕ್ಕೆ ಅಂಚುಗಳು ಹೆಚ್ಚು. ಡಾಂಬರಿನ ಮೇಲೆ ನಾಲ್ಕಾರು ಇಂಚು ಹಿಮವಿದ್ದರೆ ಆರ್-4ಗಿಂತ ಇದು ಚೆನ್ನಾಗಿ ನಡೆಯುತ್ತದೆ.

ಸರಪಳಿ

ಮೊದಲು ಹಿಂದಿನ ಚಕ್ರಗಳಿಗೆ ಹಾಕಿ. ಸಣ್ಣ ಟ್ರ್ಯಾಕ್ಟರುಗಳ ಬ್ರೇಕು ಇರುವುದು ಹಿಂದೆ. ಮುಂದೆ ಮಾತ್ರ ಹಾಕಿದರೆ ಇಳಿಜಾರಿನಲ್ಲಿ ಹಿಂಭಾಗ ಬಳುಕಿ ಪಕ್ಕಕ್ಕೆ ಬರುತ್ತದೆ. ಕೊಳ್ಳುವಾಗ ಟೈರಿನ ಬದಿಯ ಮೇಲಿರುವ ಅಳತೆಯನ್ನು ಪೂರ್ತಿ ಬರೆದುಕೊಂಡು ಹೋಗಿ. ಏಣಿಯಂತೆ ಅಡ್ಡ ಕೊಂಡಿಗಳಿರುವ ಸರಪಳಿಯಲ್ಲಿ ಎರಡು ಕೊಂಡಿಗೊಂದು ಅಡ್ಡ ಸರಪಳಿ ಇರುವುದನ್ನೇ ತೆಗೆದುಕೊಳ್ಳಿ. ನಾಲ್ಕಕ್ಕೊಂದು ಇರುವುದು ಅಗ್ಗ, ಆದರೆ ಎರಡು ಅಡ್ಡ ಸರಪಳಿಗಳ ನಡುವೆ ಬರಿ ರಬ್ಬರು ನೆಲಕ್ಕೆ ತಾಗಿ ಚಕ್ರ ಜಾರುತ್ತದೆ. ಆರ್-1 ಟೈರಿಗೆ ಏಣಿ ನಮೂನೆ ಬೇಡ, ಅಡ್ಡ ಸರಪಳಿಗಳು ಪಟ್ಟಿಗಳ ನಡುವಿನ ಸಂದಿಗೆ ಬಿದ್ದು ಮಾಯವಾಗುತ್ತವೆ. ಅದಕ್ಕೆ ವಜ್ರಾಕೃತಿಯ ಹೆಣಿಗೆಯದು ಬೇಕು.

ಹಾಕುವ ಮೊದಲು ಮಡ್‌ಗಾರ್ಡ್ ಮತ್ತು ಲಿಂಕೇಜ್ ತೋಳುಗಳಿಂದ ಟೈರಿಗೆ ಎಷ್ಟು ಅಂತರವಿದೆ ಎಂದು ನೋಡಿ. ಎರಡು ಇಂಚಾದರೂ ಇರಲಿ, ಇಲ್ಲದಿದ್ದರೆ ಚಕ್ರವನ್ನು ಹೊರಕ್ಕೆ ಸರಿಸುವ ವೀಲ್ ಸ್ಪೇಸರ್ ಬೇಕಾಗುತ್ತದೆ. ಸರಪಳಿಯನ್ನು ಟೈರಿನ ಮೇಲೆ ಹೊದಿಸಿ, ಕೊಕ್ಕೆಗಳ ತೆರೆದ ಬಾಯಿ ರಬ್ಬರಿನಿಂದ ಆಚೆಗೆ ಇರುವಂತೆ ತಿರುಗಿಸಿ, ತುದಿಗಳು ಕೈಗೆ ಸಿಗುವವರೆಗೆ ಟ್ರ್ಯಾಕ್ಟರನ್ನು ನಿಧಾನಕ್ಕೆ ಮುಂದೆ ಸರಿಸಿ. ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಒಳಬದಿಯ ಕೊಕ್ಕೆ ಮೊದಲು ಸಿಕ್ಕಿಸಿ, ಆಮೇಲೆ ಹೊರಬದಿಯದು. ಕಾಲು ಗಂಟೆ ಓಡಿಸಿ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಇದನ್ನು ಬಿಟ್ಟರೆ ಸಡಿಲಾದ ಕೊಂಡಿ ಮಡ್‌ಗಾರ್ಡ್‌ಗೆ ಬಡಿದು ಸೀಳುತ್ತದೆ. ಸರಪಳಿ ಕಾಂಕ್ರೀಟು, ಪೇವರ್ ಕಲ್ಲುಗಳಿಗೆ ಗೆರೆ ಎಳೆಯುತ್ತದೆ. ಹಿಮ ಪೂರ್ತಿ ಬಳಿದ ಜಾಗದಲ್ಲಿ ಚಕ್ರ ನಿಂತಲ್ಲೇ ತಿರುಗಿಸಬೇಡಿ.

ಓಡಿಸುವಾಗ

ಚಕ್ರ ಸುತ್ತಲು ಶುರುವಾದರೆ ತಕ್ಷಣ ಕಾಲು ತೆಗೆಯಿರಿ. ಹತ್ತು ಸೆಕೆಂಡು ಸುತ್ತಿದ ಜಾಗ ಮಂಜುಗಡ್ಡೆಯಾಗಿ ಮಿರುಗುತ್ತದೆ, ಆಮೇಲೆ ಅಲ್ಲಿ ಏನೂ ನಿಲ್ಲದು. ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಡಿಫ್ ಲಾಕ್ ಅನ್ನು ಚಕ್ರ ನಿಂತಿದ್ದಾಗ ಒತ್ತಿ, ನೇರವಾಗಿ ಹೋಗುವಾಗ ಮಾತ್ರ ಹಿಡಿದಿರಿ, ತಿರುವಿಗೆ ಮೊದಲೇ ಬಿಡಿ. ಆಳ ಹೆಚ್ಚಿದ್ದರೆ ಬಕೆಟ್ ಅಗಲದ ಅರ್ಧದಷ್ಟೇ ತಳ್ಳಿ. ಇಳಿಜಾರಿದ್ದರೆ ಮೇಲಿನಿಂದ ಕೆಳಕ್ಕೆ ತಳ್ಳುವುದೇ ಲೇಸು.

ಇಳಿಜಾರು ಇಳಿಯುವ ಮುನ್ನ ಫೋರ್-ವೀಲ್ ಹಾಕಿ, ಲೋ ರೇಂಜ್‌ಗೆ ಬನ್ನಿ, ಸೀಟ್ ಬೆಲ್ಟ್ ಕಟ್ಟಿ. ಫೋರ್-ವೀಲ್‌ನಲ್ಲಿದ್ದರೆ ಬ್ರೇಕ್ ಒತ್ತಿದಾಗ ಮುಂದಿನ ಚಕ್ರಗಳೂ ಹಿಡಿಯುತ್ತವೆ. ತುಂಬಿದ ಬಕೆಟ್ ಹಿಂದಿನ ಚಕ್ರಗಳನ್ನು ಹಗುರ ಮಾಡಿರುತ್ತದೆ, ಆದ್ದರಿಂದ ಬಕೆಟ್ ಮೊಣಕಾಲಿಗಿಂತ ಕೆಳಗಿರಲಿ. ಪೆಡಲಿನಿಂದಲೇ ವೇಗ ಹೆಚ್ಚು ಕಡಿಮೆ ಮಾಡುವ ಹೈಡ್ರೋಸ್ಟ್ಯಾಟಿಕ್ ಗೇರಿನ ಪೆಡಲನ್ನು ಥಟ್ಟನೆ ಬಿಟ್ಟರೆ ಚಕ್ರಗಳು ನಿಂತು ಟ್ರ್ಯಾಕ್ಟರ್ ಜಾರುಬಂಡಿಯಾಗುತ್ತದೆ. ಹಾಗಾದರೆ ಪೆಡಲನ್ನು ಸ್ವಲ್ಪ ಮುಂದಕ್ಕೆ ಒತ್ತಿ ಚಕ್ರ ಮತ್ತೆ ತಿರುಗುವಂತೆ ಮಾಡಿ, ಅದರ ಜೊತೆಗೇ ಬಕೆಟನ್ನು ನೆಲಕ್ಕಿಳಿಸಿ.