ಎಕ್ಲೆಕ್ಟಸ್ ಗಿಳಿ ಸಾಕುವುದು: ನನ್ನ ಮನೆಯ ಕ್ರಮ

ಎಕ್ಲೆಕ್ಟಸ್ ತರಬೇಕೆಂದಿರುವವರು ಪಂಜರ ಎಷ್ಟು ದೊಡ್ಡದಿರಬೇಕು, ಮಾತು ಯಾವಾಗ ಕಲಿಯುತ್ತದೆ ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ದಿನಾ ಬೆಳಿಗ್ಗೆ ತರಕಾರಿಯ ಬಟ್ಟಲು ಇಡುವವರು ಯಾರು? ನ್ಯೂಗಿನಿ, ಸಾಲೊಮನ್ ದ್ವೀಪಗಳು, ಇಂಡೊನೇಷ್ಯಾದ ಮಲುಕು, ಆಸ್ಟ್ರೇಲಿಯಾದ ಕೇಪ್ ಯಾರ್ಕ್, ಇಲ್ಲೆಲ್ಲ ಮಳೆಕಾಡಿನ ಮರದ ತುದಿಯಲ್ಲಿ ಹಣ್ಣು, ಚಿಗುರು, ಹೂವು, ಕಾಯಿ ತಿಂದು ಬದುಕುವ ಹಕ್ಕಿ ಇದು. ಸೂರ್ಯಕಾಂತಿ ಬೀಜ ತುಂಬಿದ ಬಟ್ಟಲಿಟ್ಟರೆ ಖುಷಿಯಿಂದಲೇ ತಿನ್ನುತ್ತದೆ, ಎರಡು ಮೂರು ವರ್ಷದಲ್ಲಿ ಪಿತ್ತಜನಕಾಂಗಕ್ಕೆ ಕೊಬ್ಬು ಕಟ್ಟುತ್ತದೆ.

ಗಂಡು ಹಸಿರು, ಕೊಕ್ಕು ಕಿತ್ತಳೆ. ಹೆಣ್ಣು ಕೆಂಪು, ಹೊಟ್ಟೆ ನೀಲಿ ಅಥವಾ ನೇರಳೆ, ಕೊಕ್ಕು ಕಪ್ಪು. 1870ರ ದಶಕದವರೆಗೆ ಇವೆರಡನ್ನೂ ಬೇರೆ ಬೇರೆ ಜಾತಿಯೆಂದೇ ಪಕ್ಷಿತಜ್ಞರು ನಂಬಿದ್ದರು. ಹಾಗಾಗಿ ಗರಿ ಮೂಡಿದ ಮರಿಗೆ ಡಿಎನ್‌ಎ ಪರೀಕ್ಷೆಯ ದುಡ್ಡು ಕೇಳಿದರೆ ಕೊಡಬೇಡಿ. ವಯಸ್ಸನ್ನು ಕಣ್ಣಿನಲ್ಲಿ ನೋಡಿ: ಮರಿಯ ಕಣ್ಣಾಲಿಯ ಸುತ್ತ ಕಡುಕಂದು, ಬಲಿತ ಹಕ್ಕಿಯಲ್ಲಿ ಗಂಡಿಗೆ ಕಿತ್ತಳೆ, ಹೆಣ್ಣಿಗೆ ಹಳದಿಯ ಛಾಯೆ. ತಾನಾಗಿ ತಿನ್ನಲು ಕಲಿಯದ ಮರಿಯನ್ನು ಅಗ್ಗವೆಂದು ತರಬೇಡಿ. ಕೈತುತ್ತಿನ ಗಂಜಿ 39ರಿಂದ 41 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣಗಾದರೆ ಗಂಟಲಚೀಲದಲ್ಲೇ ಹುಳಿಯುತ್ತದೆ, ಬಿಸಿಯಾದರೆ ಚೀಲ ಸುಡುತ್ತದೆ, ಸಿರಿಂಜ್ ಆತುರದಲ್ಲಿ ಒತ್ತಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮರಿ ತೆಗೆದುಕೊಳ್ಳುವಾಗ ಕಾಲ್ಬೆರಳುಗಳನ್ನೂ ಒಂದೊಂದಾಗಿ ನೋಡಿ. ಈ ಜಾತಿಯ ಮರಿಗಳಲ್ಲಿ ಬೆರಳಿನ ಸುತ್ತ ಉಂಗುರದಂತೆ ಚರ್ಮ ಬಿಗಿದು, ಅದರಾಚೆಗಿನ ತುದಿ ಊದಿಕೊಳ್ಳುವ ತೊಂದರೆ ಹೆಚ್ಚು.

ಕಾಗದಪತ್ರದ ಮಾತು ಮೊದಲೇ ಮುಗಿಸಿಬಿಡುತ್ತೇನೆ. ನಮ್ಮ ಊರಿನ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎಕ್ಲೆಕ್ಟಸ್ ವಿದೇಶಿ ಹಕ್ಕಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಆದ್ದರಿಂದ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಹಕ್ಕಿ ಕೈಗೆ ಬಂದ 30 ದಿನದೊಳಗೆ ಅರ್ಜಿ ಹಾಕಬೇಕು. ಮಾರುವವರ ಬಳಿ ಅವರ ನೋಂದಣಿ ಪತ್ರ, ಕಾಲುಂಗುರದ ಸಂಖ್ಯೆ ಇರುವ ರಸೀತಿ ಎರಡನ್ನೂ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಈಗ ಬಟ್ಟಲು. 400ರಿಂದ 450 ಗ್ರಾಂ ತೂಗುವ ಹಕ್ಕಿಗೆ ನಾನು ಬೆಳಿಗ್ಗೆ ಇಡುವುದು 50 ಗ್ರಾಂ ಹೆಚ್ಚಿದ ತರಕಾರಿ, ಒಂದು ದೊಡ್ಡ ಚಮಚ ಮೊಳಕೆಕಾಳು, 15ರಿಂದ 20 ಗ್ರಾಂ ಹಣ್ಣು. ತರಕಾರಿಯನ್ನು ಭಾನುವಾರ ವಾರಕ್ಕಾಗುವಷ್ಟು ಹೆಚ್ಚುತ್ತೇನೆ: ಸಿಹಿಕುಂಬಳ 120 ಗ್ರಾಂ, ಕ್ಯಾರೆಟ್ 80, ಆವಿಯಲ್ಲಿ ಬೇಯಿಸಿದ ಗೆಣಸು 60, ಹುರುಳಿಕಾಯಿ ಮತ್ತು ಹಸಿ ಬಟಾಣಿ 50, ಕೆಂಪು ದೊಣ್ಣೆಮೆಣಸಿನಕಾಯಿ 40. ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ, ಬಟ್ಟೆಯ ಮೇಲೆ ಹರಡಿ ನೀರಾರಿಸಿ, ಏಳು ಡಬ್ಬಿ ಮಾಡಿ ಎರಡನ್ನು ಫ್ರಿಜ್‌ನಲ್ಲೂ ಐದನ್ನು ಫ್ರೀಜರ್‌ನಲ್ಲೂ ಇಡುತ್ತೇನೆ. ನೀರಾರಿಸದೆ ಇಟ್ಟರೆ ಕರಗಿದಾಗ ಗೊಜ್ಜಾಗುತ್ತದೆ, ಹಕ್ಕಿ ಮುಟ್ಟುವುದಿಲ್ಲ. ಸೊಪ್ಪು ಮಾತ್ರ ಆ ದಿನದ್ದೇ: ನುಗ್ಗೆಸೊಪ್ಪು, ಕೊತ್ತಂಬರಿ, ಮೆಂತ್ಯ. ಪಾಲಕ್ ಅಪರೂಪಕ್ಕೆ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿ ಕೇಸರಿ, ಕೆಂಪು ಬಣ್ಣವೇ ಜಾಸ್ತಿ ಇರುವುದು ಬೇಕೆಂದೇ. ಇವಕ್ಕೆ ಎ ಜೀವಸತ್ವ ಬಹಳ ಬೇಕು, ಅದನ್ನು ಮಾತ್ರೆಯಲ್ಲಲ್ಲ, ಕ್ಯಾರೊಟಿನ್ ರೂಪದಲ್ಲಿ ಕೊಡುವುದೇ ಕ್ಷೇಮ.

ಮೊಳಕೆಗೆ ಹೆಸರುಕಾಳು, ಕಡಲೆಕಾಳು, ರಾಗಿ. ಕಾಳನ್ನು ಎಂಟು ಗಂಟೆ ನೆನೆಸಿ, ಬಸಿದು, ದಿನಕ್ಕೆ ಮೂರು ಸಲ ತೊಳೆಯುತ್ತಾ, ಮೊಳಕೆ ಅಕ್ಕಿಕಾಳಿನಷ್ಟು ಉದ್ದ ಬಂದಾಗ ನಿಲ್ಲಿಸುತ್ತೇನೆ. ಬೆರಳಿಗೆ ಲೋಳೆ ಹತ್ತಿದರೆ, ಹುಳಿ ವಾಸನೆ ಬಂದರೆ ಪೂರ್ತಿ ಎಸೆಯುತ್ತೇನೆ. ಏಪ್ರಿಲ್ ತಿಂಗಳಲ್ಲಿ ಇದು ಒಂದೇ ರಾತ್ರಿಯಲ್ಲಿ ಆಗುತ್ತದೆ. ರಾಗಿಯನ್ನು ನಾವು ಬಡವರ ಧಾನ್ಯವೆಂದು ತಳ್ಳಿದರೂ ನೂರು ಗ್ರಾಮಿಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಅದರಲ್ಲಿದೆ. ಹೆಣ್ಣು ಹಕ್ಕಿಗೆ ಇದಕ್ಕಿಂತ ಒಳ್ಳೆಯ ಕಾಳು ನಾನು ಕಂಡಿಲ್ಲ. ರಾಜ್ಮಾವನ್ನು ಹಸಿಯಾಗಿ, ಮೊಳಕೆಯಾಗಿ ಎಂದೂ ಕೊಡಬೇಡಿ. ಹಣ್ಣಿಗೆ ಪರಂಗಿ, ಸೀಬೆ, ದಾಳಿಂಬೆ, ಮಾವು ಯಾವುದಾದರೂ ಆದೀತು. ದಾಳಿಂಬೆ ಕೊಟ್ಟ ದಿನ ಗೋಡೆಗೆ ಹಳೆಯ ಕ್ಯಾಲೆಂಡರ್ ಅಂಟಿಸಿ.

ಈ ಬಟ್ಟಲನ್ನು ಎರಡು ಗಂಟೆಯಲ್ಲಿ ತೆಗೆಯುತ್ತೇನೆ. ಮೂರರಲ್ಲೊಂದು ಪಾಲು ನೆಲದ ಮೇಲೇ ಬಿದ್ದಿರುತ್ತದೆ, ಲೆಕ್ಕದಲ್ಲಿ ಅದೂ ಸೇರಿದೆ. ಸಂಜೆ ಬೆಂದ ಕೆಂಪಕ್ಕಿ ಅಥವಾ ನವಣೆ ಒಂದು ದೊಡ್ಡ ಚಮಚ, ಒಂದು ಬಾದಾಮಿ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಉಪ್ಪು ಹಾಕಿದ ತಿಂಡಿ, ಸೇಬಿನ ಬೀಜ ಇವುಗಳ ಹತ್ತಿರ ಬಿಡುವುದಿಲ್ಲ.

ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗುವ ಸಿದ್ಧ ಆಹಾರದ ಗುಳಿಗೆಯ ವಿಷಯದಲ್ಲಿ ವೈದ್ಯರಲ್ಲೂ ಸಾಕುವವರಲ್ಲೂ ಒಮ್ಮತವಿಲ್ಲ. ನನ್ನ ಅಭಿಪ್ರಾಯ: ಬಣ್ಣ ಹಾಕಿದ ಪೆಲೆಟ್ ಬೇಡವೇ ಬೇಡ, ಬಣ್ಣವಿಲ್ಲದ್ದು ಊಟದ ಕಾಲುಭಾಗ ಮೀರಬಾರದು, ಅದನ್ನು ಕೊಡುವಾಗ ನೀರಿಗೆ ವಿಟಮಿನ್ ಹನಿ ಸೇರಿಸಬಾರದು. ಕೃತಕ ಜೀವಸತ್ವ ಜಾಸ್ತಿಯಾದಾಗ ಎಕ್ಲೆಕ್ಟಸ್‌ಗಳಲ್ಲಿ ಕಾಣುತ್ತದೆಂದು ಹಲವರು ಹೇಳುವ ಲಕ್ಷಣವನ್ನು ಗುರುತಿಸಲು ಕಲಿಯಿರಿ. ಹಕ್ಕಿ ಸುಮ್ಮನೆ ಕೂತಿರುತ್ತದೆ. ಒಂದು ಕಾಲಿನ ಬೆರಳುಗಳು ಕೊಂಬೆಯಿಂದ ಮೇಲೆದ್ದು ಮತ್ತೆ ಬಿಗಿಯುತ್ತವೆ, ಮತ್ತೆ ಏಳುತ್ತವೆ, ಯಾರೋ ಒಳಗೊಳಗೇ ತಾಳ ಹಾಕಿದಂತೆ. ಕೆಲವಕ್ಕೆ ರೆಕ್ಕೆ ತಟಕ್ಕನೆ ಬಡಿಯುತ್ತದೆ. ಆಗ ಪೆಲೆಟ್, ಹನಿ, ಬಿಸ್ಕತ್ತು, ಬ್ರೆಡ್ ಎಲ್ಲವನ್ನೂ ನಿಲ್ಲಿಸಿ, ವಿಡಿಯೊ ತೆಗೆದು ಪಕ್ಷಿವೈದ್ಯರಿಗೆ ತೋರಿಸಬೇಕು. ಕ್ಯಾಲ್ಸಿಯಂ ಕಡಿಮೆಯಾದರೂ ನಡುಕ, ಸೆಳೆತ ಬರುವುದರಿಂದ ರಕ್ತಪರೀಕ್ಷೆ ಬಿಡಬೇಡಿ.

ಪಂಜರ ಕನಿಷ್ಠ ಮೂರಡಿ ಉದ್ದ, ಎರಡಡಿ ಅಗಲ, ಮೂರಡಿ ಎತ್ತರ, ಸರಳುಗಳ ನಡುವೆ ಎರಡರಿಂದ ಎರಡೂವರೆ ಸೆಂಟಿಮೀಟರ್. ವೆಲ್ಡಿಂಗ್ ಅಂಗಡಿಯಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿ ಹಾಕಿಸುವುದು ಎಲ್ಲರೂ ಮಾಡುವ ತಪ್ಪು. ಹಕ್ಕಿ ಅದನ್ನು ಕಚ್ಚಿ ಕಚ್ಚಿ ಸತು ನುಂಗುತ್ತದೆ. ಸ್ಟೀಲ್ ಅಥವಾ ಒಳ್ಳೆಯ ಪೌಡರ್ ಕೋಟಿಂಗ್ ಮಾಡಿಸಿ. ಕೂರಲು ಸೀಬೆ, ನೇರಳೆ ಕೊಂಬೆ, ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ದಪ್ಪ, ಸಿಪ್ಪೆ ಸಮೇತ. ಕಣಗಿಲೆ ವಿಷ. ಚಿಲಕಕ್ಕೆ ಕ್ಲಿಪ್ ಹಾಕಿ, ಬರೀ ಕೊಂಡಿಯನ್ನು ಎರಡೇ ದಿನದಲ್ಲಿ ಬಿಚ್ಚಲು ಕಲಿಯುತ್ತವೆ. ಹೊರಗೆ ಬಿಟ್ಟಾಗ ಸೀಲಿಂಗ್ ಫ್ಯಾನ್ ನಿಂತಿರಬೇಕು.

ಗಾಳಿಯ ವಿಷಯದಲ್ಲಿ ರಾಜಿ ಇಲ್ಲ. ನಾನ್‌ಸ್ಟಿಕ್ ತವಾ ಒಲೆ ಮೇಲೆ ಮರೆತು ಕಾದರೆ ಅದರ ಹೊಗೆ ನಮಗೆ ತಿಳಿಯುವ ಮೊದಲೇ ಹಕ್ಕಿ ಸಾಯುತ್ತದೆ. ಹಕ್ಕಿ ಇರುವ ಮನೆಯಲ್ಲಿ ದೋಸೆಗೆ ಕಬ್ಬಿಣದ ಕಾವಲಿಯೇ ಸರಿ. ಊದುಬತ್ತಿ, ಕರ್ಪೂರ, ಸೊಳ್ಳೆ ಬತ್ತಿ ಹಕ್ಕಿಯ ಕೋಣೆಯಲ್ಲಿ ಬೇಡ, ಸೊಳ್ಳೆಗೆ ಪರದೆ ಸಾಕು. ಮಂಗಳೂರಿನ ಹವೆ ಇವಕ್ಕೆ ತವರಿನಂತೆ. ಬೆಂಗಳೂರಿನ ಫೆಬ್ರವರಿ, ಮಾರ್ಚ್ ಒಣಹವೆಯಲ್ಲಿ ಮಾತ್ರ ದಿನಕ್ಕೊಮ್ಮೆ ಬೆಳಿಗ್ಗೆ ಸ್ಪ್ರೇ ಬಾಟಲಿಯಿಂದ ಬರೀ ನೀರು ಚಿಮುಕಿಸುತ್ತೇನೆ, ತಲೆಯ ಮೇಲಿನಿಂದ ತುಂತುರಿನಂತೆ ಬೀಳುವ ಹಾಗೆ. ಬಳಿಕ ಇಪ್ಪತ್ತು ನಿಮಿಷ ಎಳೆಬಿಸಿಲು, ಪಂಜರದ ಅರ್ಧಕ್ಕೆ ನೆರಳು. ಗಾಜಿನ ಕಿಟಕಿಯ ಒಳಗಿನ ಬಿಸಿಲು ಲೆಕ್ಕಕ್ಕಿಲ್ಲ, ಡಿ ಜೀವಸತ್ವಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

ಹೆಣ್ಣು ಸಾಕಿದವರಿಗೆ ಬೇರೆಯೇ ಎಚ್ಚರ ಬೇಕು. ಕಾಡಿನಲ್ಲಿ ಹೆಣ್ಣು ವರ್ಷದ ಬಹುಪಾಲು ಪೊಟರೆ ಕಾಯುತ್ತಾ ಕೂರುತ್ತದೆ, ಊಟ ತರುವುದು ಗಂಡುಗಳು. ಮನೆಯಲ್ಲಿ ಸೋಫಾದ ಕೆಳಗು, ಅರೆತೆರೆದ ಕಪಾಟು, ರಟ್ಟಿನ ಡಬ್ಬ, ಎಲ್ಲವೂ ಅದರ ಪಾಲಿಗೆ ಪೊಟರೆಯೇ. ಒಮ್ಮೆ ಒಳಹೊಕ್ಕರೆ ಕಚ್ಚುವುದು, ಗಂಡಿಲ್ಲದೆಯೂ ಎರಡೆರಡು ಮೊಟ್ಟೆ ಇಡುತ್ತಲೇ ಹೋಗುವುದು ಶುರು. ಕತ್ತಲ ಮೂಲೆಗಳನ್ನು ಮುಚ್ಚುತ್ತೇನೆ, ರಾತ್ರಿ 12 ಗಂಟೆ ನಿದ್ದೆ ಕೊಡುತ್ತೇನೆ, ಬೆನ್ನು ಸವರುವುದಿಲ್ಲ, ಪಂಜರದಲ್ಲಿ ಕ್ಯಾಲ್ಸಿಯಂಗಾಗಿ ಕಚ್ಚಲು ಕಟಲ್‌ಮೀನಿನ ಒಳಚಿಪ್ಪು, ಅಂದರೆ ಕಟಲ್‌ಬೋನ್ ಸದಾ ಇರುತ್ತದೆ. ಗರಿ ಉಬ್ಬಿಸಿ ನೆಲದ ಮೇಲೆ ಕೂತು, ಬಾಲ ಏರಿಳಿಸಿ ಮುಕ್ಕರಿಯುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆಯೆಂದೇ ತಿಳಿದು ಆ ಹೊತ್ತಿಗೇ ವೈದ್ಯರ ಬಳಿ ಒಯ್ಯಬೇಕು.

ಇನ್ನೊಂದು ಮೋಸ ಇದರ ಶಾಂತಿ. ಬೇರೆ ಗಿಳಿ ಹೆದರಿದರೆ ಹಾರಾಡಿ ಕಿರುಚುತ್ತದೆ, ಎಕ್ಲೆಕ್ಟಸ್ ಗರಿ ಬಿಗಿಹಿಡಿದು ಬೊಂಬೆಯಂತೆ ನಿಂತುಬಿಡುತ್ತದೆ. ನೆಂಟರು ಅದನ್ನು ಸಾಧು ಎಂದುಕೊಂಡು ಕೈಗೆ ಕೈ ದಾಟಿಸುತ್ತಾರೆ. ಗರಿ ಕಿತ್ತುಕೊಳ್ಳುವ ಚಾಳಿ ಎಷ್ಟೋ ಸಲ ಹೀಗೆ ಮೊದಲಾಗುತ್ತದೆ. ಆದರೂ ಎದೆ ಬೋಳಾಗತೊಡಗಿದರೆ ಬೇಜಾರು ಎಂದು ನೀವೇ ತೀರ್ಮಾನಿಸಬೇಡಿ. ಗರಿ ಮತ್ತು ಕೊಕ್ಕಿನ ವೈರಸ್‌ಗೆ ಪಿಸಿಆರ್ ಪರೀಕ್ಷೆ ಮೊದಲು ಆಗಲಿ. ಹೊಸ ಹಕ್ಕಿಯನ್ನು ಹಳೆಯದರಿಂದ 45 ದಿನ ಬೇರೆ ಕೋಣೆಯಲ್ಲಿ ಇಡುವುದೂ ಇದಕ್ಕೇ.

ವಾರಕ್ಕೊಮ್ಮೆ, ಊಟಕ್ಕೆ ಮುಂಚೆ, ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತೇನೆ. ಹತ್ತನೇ ಒಂದು ಭಾಗ ಇಳಿದರೆ ಕಾಯುವುದಿಲ್ಲ, ಏಕೆಂದರೆ ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ, ತಕ್ಕಡಿ ಮುಚ್ಚಿಡುವುದಿಲ್ಲ. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿದರೆ ಹಿಕ್ಕೆ ಚೆನ್ನಾಗಿ ಕಾಣುತ್ತದೆ. ಹಣ್ಣು ತಿನ್ನುವ ಹಕ್ಕಿಯದು ನೀರುನೀರಾಗಿರುವುದು ಸಹಜ, ಬೀಟ್‌ರೂಟ್ ಕೊಟ್ಟಾಗ ಕೆಂಪಾಗುವುದೂ ಸಹಜ. ಬಿಳಿ ಇರಬೇಕಾದ ಭಾಗ ಹಳದಿಗೋ ಹಸಿರಿಗೋ ತಿರುಗಿದರೆ ಆ ಕಾಗದವನ್ನೇ ಮಡಿಸದೆ ಡಬ್ಬಿಯಲ್ಲಿಟ್ಟು ಹಕ್ಕಿಯ ಜೊತೆ ವೈದ್ಯರಿಗೆ ಒಯ್ಯಿರಿ.