ಧಾರವಾಡದಲ್ಲೇ ಕುಳಿತು ಬಯೋಟೆಕ್ ವಕೀಲಿಕೆ: ನನ್ನ ಅನುಭವ

ಕಳೆದ ತಿಂಗಳು ರಾಣೆಬೆನ್ನೂರಿನ ಒಂದು ಸಣ್ಣ ಜೈವಿಕ ಗೊಬ್ಬರ ಘಟಕಕ್ಕೆ ಪೇಟೆಂಟ್ ಮಂಜೂರಾಯಿತು. ಅರ್ಜಿ ಬರೆದದ್ದು, ಚೆನ್ನೈ ಪೇಟೆಂಟ್ ಕಚೇರಿಯ ಆಕ್ಷೇಪಣೆಗಳಿಗೆ ಉತ್ತರ ಕೊಟ್ಟದ್ದು, ವಿಡಿಯೊ ವಿಚಾರಣೆಯಲ್ಲಿ ವಾದಿಸಿದ್ದು ಎಲ್ಲವೂ ಧಾರವಾಡದ ನನ್ನ ಕಚೇರಿಯಿಂದಲೇ. "ಇದಕ್ಕೆ ಬೆಂಗಳೂರೇ ಬೇಕು, ನೀನು ಜಮೀನು ತಕರಾರು ನೋಡಿಕೊಂಡಿರು" ಎಂದು ಏಳು ವರ್ಷಗಳ ಹಿಂದೆ ಬುದ್ಧಿ ಹೇಳಿದ್ದ ಹಿರಿಯರೇ ಈಗ ಇಬ್ಬರು ಕಕ್ಷಿದಾರರನ್ನು ನನ್ನ ಬಳಿಗೆ ಕಳುಹಿಸಿದ್ದಾರೆ.

ಮೊದಲ ವರ್ಷ ಈ ಕೆಲಸದಿಂದ ಬಂದದ್ದು ಸುಮಾರು ನಲವತ್ತು ಸಾವಿರ ರೂಪಾಯಿ. ಅದರಲ್ಲಿ ಅರ್ಧ ಪ್ರಯಾಣಕ್ಕೇ ಹೋಯಿತು. ಆಗ ನಾನು ಎಲ್ಲರಂತೆ ಕಕ್ಷಿದಾರ ತಂದ ಕಾಗದವನ್ನು ನಂಬಿ ಅರ್ಜಿ ಬರೆಯುತ್ತಿದ್ದೆ. ಒಬ್ಬರು ತಮ್ಮ ಬ್ಯಾಕ್ಟೀರಿಯಾ ತಳಿ ಪುಣೆಯ ಠೇವಣಿ ಕೇಂದ್ರದಲ್ಲಿ, ಅಂದರೆ ಸೂಕ್ಷ್ಮಜೀವಿಗಳ ಮಾದರಿಗಳನ್ನು ಕಾಯ್ದಿಡುವ ಕಡೆ, ಇದೆ ಎಂದರು. ನಿಜ, ಇತ್ತು. ಆದರೆ ಠೇವಣಿಯ ದಿನಾಂಕ ನಮ್ಮ ಅರ್ಜಿಯ ದಿನಾಂಕಕ್ಕಿಂತ ಎರಡು ತಿಂಗಳು ಈಚಿನದು. ಅರ್ಜಿ ಸಲ್ಲಿಸುವ ದಿನಕ್ಕೆ ಠೇವಣಿ ಆಗಿರಲೇಬೇಕು. ಹೊಸದಾಗಿ ಸಲ್ಲಿಸೋಣವೆಂದರೆ ಅಷ್ಟರಲ್ಲಿ ಅವರು ಒಂದು ಕೃಷಿ ಮೇಳದ ಮಳಿಗೆಯಲ್ಲಿ ಇಡೀ ವಿಧಾನವನ್ನು ಕರಪತ್ರ ಮಾಡಿ ಹಂಚಿಬಿಟ್ಟಿದ್ದರು. ಅಲ್ಲಿಗೆ ಪೇಟೆಂಟಿಗೆ ಬೇಕಾದ ಹೊಸತನವೂ ಹೋಯಿತು. ಶುಲ್ಕ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಅಜೋಸ್ಪಿರಿಲಮ್ ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾ ಸೇರಿಸಿದ ದ್ರವ ಗೊಬ್ಬರ. ರಸಗೊಬ್ಬರ ನಿಯಂತ್ರಣ ಆದೇಶದಡಿ ಎಲ್ಲ ಪತ್ರಗಳೂ ಸರಿಯಾಗಿದ್ದವು. ಲೇಬಲ್ ಮುದ್ರಣಕ್ಕೆ ಹೋಗುವಾಗ ಮಾರಾಟದ ಹುಡುಗರು "ಮೆಣಸಿನ ಸೊರಗು ರೋಗವನ್ನು ನಿಯಂತ್ರಿಸುತ್ತದೆ" ಎಂಬ ಒಂದು ಸಾಲು ಸೇರಿಸಿದರು. ರೋಗ ನಿಯಂತ್ರಿಸುತ್ತದೆ ಎಂದ ಕೂಡಲೇ ಅದು 1968ರ ಕೀಟನಾಶಕ ಕಾಯ್ದೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಫರೀದಾಬಾದಿನಲ್ಲಿರುವ ಕೇಂದ್ರದ ಕೀಟನಾಶಕ ನೋಂದಣಿ ಸಮಿತಿಯ ನೋಂದಣಿ ಇಲ್ಲದೆ ಮಾರುವಂತಿಲ್ಲ. ಮಾರಾಟ ತಡೆ ಆದೇಶ ಬಂತು. ನಾಲ್ಕು ಲಕ್ಷದಷ್ಟು ಮಾಲು ಗೋದಾಮಿನಲ್ಲಿ ಅವಧಿ ಮೀರಿತು. ಲೇಬಲ್ಲನ್ನು ನಾನು ನೋಡಿಯೇ ಇರಲಿಲ್ಲ, ಯಾಕೆಂದರೆ ಯಾರೂ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಂದಿನಿಂದ ಕ್ರಮವನ್ನೇ ತಿರುವಿ ಹಾಕಿದೆ. ಮೊದಲು ಪ್ರಯೋಗಾಲಯದ ದಿನಚರಿ, ಆಮೇಲೆ ಲೇಬಲ್ಲು ಮತ್ತು ಕರಪತ್ರ, ಕೊನೆಗೆ ಕಾನೂನು. ಪ್ರತಿ ತಳಿಗೂ ಒಂದು ಹಾಳೆ: ಯಾರ ಹೊಲದ ಮಣ್ಣು, ಯಾವ ದಿನ ತಂದದ್ದು, ಯಾರು ಬೇರ್ಪಡಿಸಿದ್ದು, ಅವರು ಆಗ ಯಾರ ಸಂಬಳದಲ್ಲಿದ್ದರು. ಕೊನೆಯ ಪ್ರಶ್ನೆಗೆ ಉತ್ತರ ಸಿಗದೆ ಎರಡು ಕೆಲಸಗಳನ್ನು ವಾಪಸು ಕಳುಹಿಸಿದ್ದೇನೆ. ಮೂಲ ಊರು ಬರೆದಿಡುವುದು ಅತಿಯಾಯಿತು ಎನ್ನುವವರಿಗೆ ಒಂದು ಮಾತು: ಕುಲಾಂತರಿ ಬಿಟಿ ಬದನೆಗೆ ಸ್ಥಳೀಯ ತಳಿಗಳನ್ನು ಒಪ್ಪಿಗೆಯಿಲ್ಲದೆ ಬಳಸಿದರೆಂದು ಜೀವವೈವಿಧ್ಯ ಕಾಯ್ದೆಯಡಿ 2012ರಲ್ಲಿ ದೂರು ದಾಖಲಾದದ್ದು ನಮ್ಮ ಧಾರವಾಡದ ನ್ಯಾಯಾಲಯದಲ್ಲೇ.

ಶುಲ್ಕವನ್ನೂ ಬದಲಾಯಿಸಿದೆ. ಅರ್ಜಿಗೆ ಇಷ್ಟು, ವಿಚಾರಣೆಗೆ ಇಷ್ಟು ಎನ್ನುವುದನ್ನು ಬಿಟ್ಟು ವರ್ಷಕ್ಕೆ ಒಂದೇ ಮೊತ್ತ. ಸಣ್ಣ ಘಟಕಕ್ಕೆ ಅರವತ್ತು ಸಾವಿರದ ಆಸುಪಾಸು. ಹಾಗಾದ ಮೇಲೆ ಜನ ಸಣ್ಣ ವಿಷಯಕ್ಕೂ ಫೋನ್ ಮಾಡುತ್ತಾರೆ. ಲೇಬಲ್ಲಿನ ಒಂದು ಪದಕ್ಕೂ ಮಾಡುತ್ತಾರೆ, ನನಗೆ ಬೇಕಾದದ್ದೂ ಅದೇ. ಈಗ ಒಂಬತ್ತು ಘಟಕಗಳಿವೆ.

ರಾಣೆಬೆನ್ನೂರಿನ ಅರ್ಜಿಗೆ ಬರುವ ಆಕ್ಷೇಪಣೆಗಳು ಮೊದಲೇ ಗೊತ್ತಿದ್ದವು: ನಿಸರ್ಗದಲ್ಲಿ ಇರುವುದೇ ಎಂದು ಪೇಟೆಂಟ್ ಕಾಯ್ದೆಯ ಕಲಂ 3(ಸಿ), ಬರೀ ಮಿಶ್ರಣ ಎಂದು ಕಲಂ 3(ಇ). ಆದ್ದರಿಂದ ತಳಿಗೇ ಪೇಟೆಂಟ್ ಕೇಳದೆ ಎರಡು ತಳಿಗಳ ಮಿಶ್ರಣಕ್ಕೂ ತಯಾರಿಕೆಯ ವಿಧಾನಕ್ಕೂ ಕೇಳಿದೆವು. ಎರಡೂ ಕೂಡಿದಾಗ ಬಿಡಿಬಿಡಿಯಾಗಿ ಸಿಗದ ಫಲ ಸಿಗುತ್ತದೆ ಎಂದು ತೋರಿಸಲು ಅರ್ಜಿಗೆ ಒಂದು ವರ್ಷ ಮೊದಲೇ ಬ್ಯಾಡಗಿ ಮೆಣಸಿನ ಹೊಲದಲ್ಲಿ ಪಟ್ಟೆಗಳನ್ನು ಹಾಕಿಸಿದ್ದೆ: ಒಂದಕ್ಕೆ ಮೊದಲ ತಳಿ, ಒಂದಕ್ಕೆ ಎರಡನೆಯದು, ಒಂದಕ್ಕೆ ಎರಡೂ, ಒಂದಕ್ಕೆ ಏನೂ ಇಲ್ಲ. ಐದನೆಯ ಪಟ್ಟೆಗೆ ಏನು ಹಾಕಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ವಿಚಾರಣೆಯನ್ನು ಗೆದ್ದುಕೊಟ್ಟದ್ದು ಅದೇ ಪಟ್ಟೆ. ಸಣ್ಣ ಘಟಕವೆಂದು ದಾಖಲೆ ತೋರಿಸಿದ್ದರಿಂದ ಅರ್ಜಿ ಶುಲ್ಕ 8000ದ ಬದಲು 1600 ಆಯಿತು. ಠೇವಣಿ, ಪ್ರಯೋಗ, ನನ್ನ ಪಾಲು ಸೇರಿ ಒಟ್ಟು ಎರಡು ಲಕ್ಷದ ಒಳಗೇ ಮುಗಿದಿರಬೇಕು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಒಪ್ಪಂದಗಳನ್ನು ಕನ್ನಡದಲ್ಲಿ ಬರೆಯತೊಡಗಿದೆ. ಇಂಗ್ಲಿಷ್ ಕರಡಿಗೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದ ಒಬ್ಬ ಮಾಲೀಕರು ಕನ್ನಡದ ಕರಡನ್ನು ಓದಿ ಹತ್ತಾರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಮೂರು ನನಗೇ ಹೊಳೆದಿರಲಿಲ್ಲ. ಕೆಲಸ ಬಿಟ್ಟು ಹೋಗುವ ವಿಜ್ಞಾನಿ ತಳಿಯ ನಳಿಕೆಯನ್ನು ಮನೆಗೆ ಒಯ್ಯದಂತೆ ತಡೆಯುವ ನನ್ನ ಷರತ್ತು ಹುಟ್ಟಿದ್ದು ಅವರ ಪ್ರಶ್ನೆಯಿಂದ. ಅದರ ಒಕ್ಕಣೆಯೂ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಜೀವವೈವಿಧ್ಯ ಕಾಯ್ದೆಯ ತಿದ್ದುಪಡಿ 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ಪೇಟೆಂಟ್ ಮಂಜೂರಾತಿಗೆ ಮೊದಲು ನಮ್ಮಂಥ ದೇಶೀಯ ಘಟಕಗಳಿಗೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಣಿ ಸಾಕು. ಪ್ರಾಧಿಕಾರದ ಒಪ್ಪಿಗೆ ಬೇಕಾಗುವುದು ಮಾರುಕಟ್ಟೆಗೆ ಇಳಿಯುವಾಗ. ಇದನ್ನು ಅನೇಕರು ಪೂರ್ತಿ ವಿನಾಯಿತಿ ಎಂದು ತಿಳಿದಿದ್ದಾರೆ. ಗದಗಿನ ಒಂದು ಗಿಡಮೂಲಿಕೆ ಸಾರದ ಘಟಕವೂ ಹಾಗೆಯೇ ತಿಳಿದು ಕಪ್ಪತಗುಡ್ಡದ ಬೇರಿನ ಮೇಲೆ ಕಣ್ಣಿಟ್ಟಿತ್ತು. ಆ ಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಒಂದು ಬೇರನ್ನೂ ಕೀಳುವಂತಿಲ್ಲ. ಈಗ ಅವರು ಹೊಲದಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಲು ಒಪ್ಪಿದ್ದಾರೆ. ಮಂಗಳವಾರ ಮುಂಜಾನೆಯ ಬಸ್ಸಿಗೆ ಗದಗಿಗೆ ಹೋಗಿ ರೈತರ ರಸೀದಿಗಳನ್ನು ಒಂದೊಂದಾಗಿ ನೋಡುವುದಿದೆ.